ಬಳೆಓಣಿಯ ಬಿಸಿಲು

ನಮ್ಮ ಊರಿನಲ್ಲಿ ಬೆಳಗಾಗುವುದು ಫುಟ್‌ಬಾಲ್ ಪಟ್ಟಿಯ ಪ್ರಕಾರ. ಎಂಟು ಓಣಿ, ಎಂಟು ತಂಡ. ಪಟ್ಟಿಯಲ್ಲಿ ಮೇಲಿರುವ ಓಣಿಗೆ ಮೊದಲು ಬೆಳಕು, ಆಮೇಲೆ ಎರಡನೆಯದಕ್ಕೆ. ಹೀಗೆ ಇಳಿಯುತ್ತ ಇಳಿಯುತ್ತ ಕೊನೆಯ ಓಣಿಗೆ ಬೆಳಕು ಬರುವಷ್ಟರಲ್ಲಿ ಮೊದಲ ಓಣಿಯವರು ಊಟಕ್ಕೆ ಕೂತಿರುತ್ತಾರೆ. ಮುಳುಗುವುದು ಮಾತ್ರ ಎಲ್ಲರಿಗೂ ಒಟ್ಟಿಗೆ. ದಸರೆ ಮುಗಿದ ಮೇಲೆ ಆಟ ಶುರುವಾಗಿ ಶಿವರಾತ್ರಿಯ ಹಿಂದಿನ ಭಾನುವಾರ ಮುಗಿಯುತ್ತದೆ. ಆಟ ನಡೆಯುವ ದಿನಗಳಲ್ಲಿ ಭಾನುವಾರದ ಸೋಲು ಗೆಲುವಿನ ಮೇಲೆ ಸೋಮವಾರದ ಬೆಳಗು ಹಿಂದೆ ಮುಂದೆ ಆಗುತ್ತಿರುತ್ತದೆ. ಕೊನೆಯ ಆಟದ ದಿನ ಯಾವ ಓಣಿ ಎಲ್ಲಿ ನಿಂತಿತೋ ಅಲ್ಲೇ ನಿಂತಿತು. ಬೇಸಿಗೆ, ಮಳೆಗಾಲ ಎಲ್ಲವನ್ನೂ ಅದೇ ಬೆಳಗಿನಲ್ಲಿ ಕಳೆಯಬೇಕು.

ಅದಕ್ಕೆ ತಕ್ಕ ಹಾಗೆ ಬದುಕುವುದನ್ನು ಎಲ್ಲರೂ ಕಲಿತಿದ್ದಾರೆ. ಕೆಳಗಿನ ಓಣಿಗಳ ಹುಂಜಗಳು ಮೇಲಿನ ಓಣಿಯ ಹುಂಜ ಕೂಗಿದ್ದು ಕೇಳಿ ಒಂದು ಸಲ ಕೂಗಿ, ಕಣ್ಣು ಬಿಟ್ಟು ಕತ್ತಲೆ ನೋಡಿ ಸುಮ್ಮನಾಗುತ್ತವೆ. ಶಾಲೆಗೆ ಹೋಗುವ ಮಕ್ಕಳು ಕಂದೀಲು ಹಿಡಿದು ಹೊರಟು, ಓಣಿಯ ಬಾಯಿಯಲ್ಲಿ ಅದನ್ನು ಆರಿಸಿ ಅಲ್ಲಿನ ಗೂಡಿನಲ್ಲಿಟ್ಟು ಬಿಸಿಲಿಗೆ ಕಾಲಿಡುತ್ತವೆ. ಹೆಣ್ಣು ಕೊಡುವವರು ಹುಡುಗನ ಕೆಲಸ ಕೇಳುವ ಮುಂಚೆ ಅವನ ಓಣಿ ಎಷ್ಟನೆಯದು ಎಂದು ಕೇಳುತ್ತಾರೆ. ಬೆಳಕು ಓಣಿಯ ಗಡಿಗೆ ಬಂದು, ಪಾತ್ರೆಯ ಅಂಚಿನಲ್ಲಿ ನಿಂತ ಹಾಲಿನ ಹಾಗೆ ನಿಲ್ಲುತ್ತದೆ. ಈಚೆಗೆ ಒಂದು ತೊಟ್ಟೂ ಚೆಲ್ಲುವುದಿಲ್ಲ. ಕತ್ತಲೆಯಲ್ಲಿ ಕೂತವರಿಗೆ ಆಚೆಯ ಮನೆಯವರು ಹರವಿದ ಬಟ್ಟೆ, ಒಣಹಾಕಿದ ಮೆಣಸಿನಕಾಯಿ, ಅಂಗಳದಲ್ಲಿ ಮೈ ಚಾಚಿದ ಬೆಕ್ಕು ಎಲ್ಲ ಕಾಣುತ್ತವೆ. ಕಾಣುವುದೇ ಕಷ್ಟ. ಕಾಣದಿದ್ದರೆ ಇಷ್ಟು ವರ್ಷ ನಾನು ನೆಮ್ಮದಿಯಾಗಿ ಇನ್ನೊಂದು ನಿದ್ದೆ ಮಾಡುತ್ತಿದ್ದೆ.

ನಾನು ಹಗ್ಗದೋಣಿಯವಳು. ಹುಟ್ಟಿದ್ದೂ ಇಲ್ಲೇ, ಮದುವೆಯಾಗಿ ಬಂದಿದ್ದೂ ನಾಲ್ಕು ಮನೆ ದಾಟಿ ಇಲ್ಲಿಗೇ. ನನ್ನ ತಂಗಿ ಫಕೀರವ್ವ ಪಕ್ಕದ ಬಳೆಓಣಿಗೆ ಸೊಸೆಯಾಗಿ ಹೋದಳು. ನನ್ನ ಮನೆಯ ಹಿತ್ತಲ ಗಿಡ್ಡ ಗೋಡೆಯೇ ಅವಳ ಮನೆಯ ಹಿತ್ತಲ ಗೋಡೆ. ಅವಳ ಮಾಳಿಗೆಯಲ್ಲಿ ಸೌಟು ಬಿದ್ದರೆ ನನ್ನ ಮಾಳಿಗೆಗೆ ಕೇಳುತ್ತದೆ.

ಹಗ್ಗದೋಣಿ ಸಂಘ ಕಟ್ಟಿದವನು ನಮ್ಮ ಅಪ್ಪ, ಸಾಬಣ್ಣ. ದಂಡಿನವರ ಡೇರೆಗಳಿಗೆ ಹಗ್ಗ ಕೊಡಲು ಹೋದಾಗ ಸಿಪಾಯಿಗಳು ಆಡುವುದನ್ನು ನೋಡಿ, ಅವರು ಬಿಸಾಡಿದ್ದ ಒಡೆದ ಚೆಂಡನ್ನು ಕೇಳಿ ತಂದ. ಬಾವಿಯಿಂದ ನೀರೆತ್ತುವ ತೊಗಲಿನ ಚೀಲದಿಂದ ತುಂಡು ಕತ್ತರಿಸಿ ಅದಕ್ಕೆ ತೇಪೆ ಹಾಕಿದ. ಹಗ್ಗ ಹೊಸೆಯುವ ಜಾಗ ಗೊತ್ತಲ್ಲ, ಉದ್ದಕ್ಕೆ ಉದ್ದ, ಅಗಲಕ್ಕೆ ಎರಡು ಎತ್ತು ನಿಲ್ಲುವುದಿಲ್ಲ. ನಮ್ಮ ಓಣಿಯ ಹುಡುಗರು ಅಲ್ಲೇ ಆಡಿ ಕಲಿತರು. ಹಾಗಾಗಿ ಇವತ್ತಿಗೂ ನಮ್ಮವರ ಆಟ ನೂಲು ಹಿಡಿದ ಹಾಗೆ ನೇರ. ಪಕ್ಕಕ್ಕೆ ಹೊಡೆಯುವುದು ನಮ್ಮವರಿಗೆ ಬರುವುದಿಲ್ಲ. ಊರಿನ ಎಲ್ಲ ಗೋಲುಗಳ ಬಲೆಗಳೂ ನಮ್ಮ ಓಣಿಯಲ್ಲೇ ಹೆಣೆದವು. ಬೇರೆಯವರು ನಮಗೆ ಗೋಲು ಹೊಡೆದಾಗ ಅಪ್ಪ, "ಬಲಿ ನೋಡು, ಒಂದು ಎಳಿ ಹರೀಲಿಲ್ಲ," ಎಂದು ಹೆಮ್ಮೆಪಡುತ್ತಿದ್ದ.

ಮೊದಲ ವರ್ಷಗಳಲ್ಲಿ ನಾವೇ ಮೇಲೆ. ನಾನೂ ಫಕೀರವ್ವನೂ ಆಗ ಲಂಗದ ಹುಡುಗಿಯರು. ಎಲ್ಲರಿಗಿಂತ ಮುಂಚೆ ಬೆಳಗಾಗುವ ಓಣಿಯಲ್ಲಿ ಅವ್ವ ಉದ್ದಿನ ಹಿಟ್ಟನ್ನು ಎಣ್ಣೆ ಹಚ್ಚಿ ಕುಟ್ಟಿ ನಮ್ಮಿಬ್ಬರ ಮುಂದೆ ಇಡುತ್ತಿದ್ದಳು. ಇಬ್ಬರೂ ಹಪ್ಪಳ ಲಟ್ಟಿಸುತ್ತಿದ್ದೆವು. "ದ್ಯಾಮಿ, ಹಲ್ಲು ಕಡಕೊಂಡು ಲಟ್ಟಿಸಬ್ಯಾಡ," ಎಂದು ಅವ್ವ ನನಗೆ ಹೇಳುತ್ತಿದ್ದಳು. ತಂಗಿಗೆ ಏನೂ ಹೇಳುತ್ತಿರಲಿಲ್ಲ. ಸಣ್ಣವಳಲ್ಲವೇ, ಅದಕ್ಕೇ ಹೇಳುವುದಿಲ್ಲ ಎಂದು ನಾನು ತಿಳಿದಿದ್ದೆ. ಈ ಆಟದ ಪಟ್ಟಿ ಬರುವ ಮುಂಚೆ ಬೆಳಗು ಹೇಗಾಗುತ್ತಿತ್ತು ಎಂದು ಅಪ್ಪನನ್ನು ಒಮ್ಮೆ ಕೇಳಿದ್ದೆ. "ಎಲ್ಲಾರಿಗೂ ಒಮ್ಮಿಗೇ ಆಗ್ತಿತ್ತು. ಯಾರೂ ನೋಡ್ತಿರಲಿಲ್ಲ," ಅಂದ.

ಫಕೀರವ್ವನ ಮದುವೆಯಾದ ವರ್ಷ ಬಳೆಓಣಿ ಮೇಲೇರಿತು. ಬಳೆಗಾರರಿಗೆ ಪಾದದ ಹಗುರ ಇತ್ತು. ಒಡೆಯುವ ಸಾಮಾನಿನ ನಡುವೆ ಹುಟ್ಟಿ ಬೆಳೆದವರು, ಎಲ್ಲಿ ಕಾಲಿಡಬೇಕು ಎಂದು ಗೊತ್ತು. ನಾವು ಇಳಿದೆವು. ಮೂರನೆಯದು, ಐದನೆಯದು, ಆಮೇಲೆ ಆರು ಏಳರ ನಡುವೆ ಒದ್ದಾಟ. ನಮ್ಮ ಓಣಿಗೆ ಹೊತ್ತು ಏರಿದ ಮೇಲೆ ಬೆಳಗಾಗತೊಡಗಿತು. ಅವ್ವ ಅದೇ ಕತ್ತಲೆಯಲ್ಲಿ ತೀರಿಕೊಂಡಳು. ಅಪ್ಪನ ಮೊಣಕಾಲು ಹಿಡಿದುಕೊಂಡವು. ಒಂದು ದಿನ ಫಕೀರವ್ವ ಬಂದು, "ಅಪ್ಪಾ, ನಮ್ಮ ಹಿತ್ತಲ ಕಟ್ಟಿ ಮ್ಯಾಲೆ ಮುಂಜಾನಿ ಬಿಸಿಲು ಸುಮ್ಮನ ಬಿದ್ದಿರತೈತಿ, ಬಾ," ಅಂದಳು. ಅಪ್ಪ ಕೋಲು ತೆಗೆದುಕೊಂಡು ಎದ್ದೇಬಿಟ್ಟ. ತೇಪೆ ಹಾಕಿದ ಆ ಮೊದಲ ಚೆಂಡನ್ನೂ ಬಗಲಲ್ಲಿ ಇಟ್ಟುಕೊಂಡ.

ನಾನು ಬಾಗಿಲಿಗೆ ಅಡ್ಡ ನಿಂತೆ. "ಸಂಘ ಕಟ್ಟಿದಾವ ನೀನು. ಬಳಿಓಣಿ ಕಟ್ಟಿ ಮ್ಯಾಲೆ ಕುಂತರ ಮಂದಿ ಏನಂದಾರು?"

"ಮೊಣಕಾಲು ನೋಯ್ತಾವ ಮಗಳ," ಅಂದ ಅಪ್ಪ. "ಅವಕ್ಕ ಸಂಘ ಗಿಂಘ ಗೊತ್ತಾಗೂದಿಲ್ಲ."

ಸಾಯುವವರೆಗೆ ಅಲ್ಲೇ ಕೂತ. ಬಳೆಓಣಿಯ ಬಿಸಿಲು ಕಾಯಿಸಿಕೊಳ್ಳುತ್ತ ಹಗ್ಗದೋಣಿಗೆ ಜಯವಾಗಲಿ ಎಂದು ಕೂಗುತ್ತಿದ್ದ. ಬಳೆಓಣಿಯವರು ನಗುತ್ತಿದ್ದರೇ ಹೊರತು ಬಯ್ಯುತ್ತಿರಲಿಲ್ಲ. ಮೇಲಿರುವವರಿಗೆ ನಗುವುದು ಸುಲಭ. ನಾನು ಈಚೆ ಕತ್ತಲೆಯಲ್ಲಿ ಹಿತ್ತಲ ಹೊಸ್ತಿಲ ಮೇಲೆ ಕೂತು, ನನ್ನ ಅಪ್ಪ ಅವಳ ಬಿಸಿಲಿನಲ್ಲಿ ಕಾಲು ಚಾಚಿ ಅವಳು ಕೊಟ್ಟ ಚಹಾ ಕುಡಿಯುವುದನ್ನು ನೋಡುತ್ತಿದ್ದೆ. ಬಿಸಿಲು ಹೋಯಿತು, ಅಪ್ಪನೂ ಹೋದ, ಚೆಂಡೂ ಹೋಯಿತು. ಎಲ್ಲ ಒಂದೇ ಮನೆಗೆ.

ಹೋದವುಗಳಲ್ಲಿ ಹಪ್ಪಳವೂ ಒಂದು. ಇಬ್ಬರೂ ಹಪ್ಪಳ ಮಾಡಿ ಮಾರುತ್ತಿದ್ದೆವು. ಒಂದೇ ಅವ್ವ ಕಲಿಸಿದ್ದು, ಒಂದೇ ಗಿರಣಿಯ ಹಿಟ್ಟು, ಒಂದೇ ಖಾರ. ಆದರೆ ಊರಿನ ಬಾಯಲ್ಲಿ ಇದ್ದದ್ದು ಫಕೀರವ್ವನ ಹಪ್ಪಳ. ಬಸ್ ನಿಲ್ದಾಣದ ಹತ್ತಿರ ಖಾನಾವಳಿ ಇಟ್ಟಿರುವ ಗುರುಪಾದಯ್ಯ ವರ್ಷದ ಹಪ್ಪಳವನ್ನೆಲ್ಲ ಅವಳಿಂದ ಕೊಳ್ಳುತ್ತಿದ್ದ. ಎಲ್ಲೋ ಒಂದು ಸಲ, ಅವಳದು ಮುಗಿದಾಗ, ನನ್ನ ಮನೆಗೆ ಬರುತ್ತಿದ್ದ.

"ತಪ್ಪು ತಿಳೀಬ್ಯಾಡ ದ್ಯಾಮವ್ವ. ಗಿರಾಕಿಗಳು ಅಕಿ ಹಪ್ಪಳನ ಕೇಳ್ತಾರ," ಎನ್ನುತ್ತಿದ್ದ.

"ಕೈ ಎರಡೂ ಒಂದೇ ಗುರುಪಾದಯ್ಯ. ಬ್ಯಾರೆ ಇರೂದು ಬಿಸಿಲು," ಎನ್ನುತ್ತಿದ್ದೆ ನಾನು. "ಎಳಿಬಿಸಿಲಿನಾಗ ಒಣಗಿದ್ದಕ್ಕೂ ನಡುಹಗಲಿನಾಗ ಸುಟ್ಟಿದ್ದಕ್ಕೂ ವ್ಯತ್ಯಾಸ ಇರೂದಿಲ್ಲೇನು?"

"ಹೌದೌದು. ಬಿಸಿಲಿಂದೇ ದೊಡ್ಡ ಮಾತು," ಎಂದು ಅವನು ತಲೆಯಾಡಿಸುತ್ತಿದ್ದ.

ಈ ಮಾತನ್ನು ನಾನು ಎಷ್ಟು ವರ್ಷ ಹೇಳಿದೆನೆಂದರೆ ನನ್ನ ಸೊಸೆ ಯಮುನಾ ಮದುವೆಯಾಗಿ ಬಂದ ವಾರದಲ್ಲೇ ಅದನ್ನು ಕಲಿತು, ಕೇಳಿದವರಿಗೆ ತಾನೇ ಹೇಳತೊಡಗಿದಳು. ಫಕೀರವ್ವ ಮಾತ್ರ ಪ್ರತಿ ಬೇಸಿಗೆಯಲ್ಲೂ ಗೋಡೆಯ ಮೇಲಿಂದ ಕರೆಯುತ್ತಿದ್ದಳು. "ಅಕ್ಕಾ, ಲಟ್ಟಿಸಿಕೊಂಡು ಬಂದು ನನ್ನ ಮಾಳಿಗಿ ಮ್ಯಾಲೆ ಹಾಕು. ಜಾಗಾ ಭಾಳ ಐತಿ." ಊರಿನಲ್ಲಿ ಇದೇನು ಹೊಸದಲ್ಲ, ಕೆಳಗಿನ ಓಣಿಯ ಹೆಂಗಸರು ಬುಟ್ಟಿ ಹೊತ್ತು ಮೇಲಿನ ಓಣಿಯ ನೆಂಟರ ಮಾಳಿಗೆ ಹತ್ತುತ್ತಲೇ ಇರುತ್ತಾರೆ. ನಾನು ಹೋಗಲಿಲ್ಲ. "ನಮ್ಮ ಓಣಿಗೂ ಬೆಳಗಾಗತೈತಿ ತಗೋ," ಅನ್ನುತ್ತಿದ್ದೆ.

ಆಟ ನೋಡುವುದರಲ್ಲಿ ನಮ್ಮಲ್ಲಿ ಒಂದು ಪದ್ಧತಿ ಇದೆ. ಬಯಲಿನ ಒಂದು ಬದಿಗೆ ಒಂದು ಓಣಿ, ಎದುರು ಬದಿಗೆ ಇನ್ನೊಂದು. ಬೇರೆ ಓಣಿಗೆ ಮದುವೆಯಾಗಿ ಹೋದ ಹೆಣ್ಣುಮಗಳು ಮೊದಲ ಅರ್ಧ ತವರಿನ ಕಡೆ ಕೂರುತ್ತಾಳೆ, ತವರಿಗಾಗಿ ಕೂಗುತ್ತಾಳೆ. ನಡುವೆ ಬಿಡುವು ಕೊಟ್ಟಾಗ ಚಾಪೆ ಸುತ್ತಿಕೊಂಡು ಬಯಲು ಸುತ್ತಿ ಹೋಗಿ ಎರಡನೆಯ ಅರ್ಧ ಗಂಡನ ಮನೆಯ ಕಡೆ ಕೂರುತ್ತಾಳೆ. ಯಾರೂ ತಪ್ಪು ತಿಳಿಯುವುದಿಲ್ಲ. ನನಗೆ ಎರಡೂ ಅರ್ಧ ಒಂದೇ ಕಡೆ. ಫಕೀರವ್ವ ಪ್ರತಿ ಸಲ ನನ್ನ ಪಕ್ಕ ಚಾಪೆ ಹಾಸಿ ನಮ್ಮ ತಂಡಕ್ಕೆ ಗಂಟಲು ಹರಿದುಕೊಂಡು, ಆಮೇಲೆ ಎದ್ದು ಹೋಗಿ ಅದೇ ಗಂಟಲಲ್ಲಿ ಅವರಿಗೂ ಕೂಗುವುದನ್ನು ನೋಡಿದರೆ ನನ್ನ ಹೊಟ್ಟೆಯಲ್ಲಿ ಉರಿ. ನನಗೆ ಒಂದೇ ತಂಡ, ಅದೂ ಸೋಲುವ ತಂಡ. ಅವಳಿಗೆ ಎರಡು.

ಹೋದ ವರ್ಷಕ್ಕೆ ಹಿಂದಿನ ವರ್ಷ ನಮ್ಮ ತಂಡಕ್ಕೆ ಏನಾಯಿತೋ, ಗೆಲ್ಲತೊಡಗಿತು. ನಮ್ಮ ಗೋಲು ಕಾಯುವ ಗೌಸು, ನನ್ನ ಎದುರು ಮನೆಯವನು, ನನ್ನ ಕೈಯ ರೊಟ್ಟಿ ತಿಂದು ಬೆಳೆದವನು, ಒಂದು ಚೆಂಡನ್ನೂ ಒಳಗೆ ಬಿಡಲೊಲ್ಲ. ಪ್ರತಿ ಸೋಮವಾರ ಬೆಳಗು ಸ್ವಲ್ಪ ಮುಂಚೆ ಬರತೊಡಗಿತು. ಎದ್ದು ಬಾಗಿಲು ತೆಗೆದರೆ ಎದುರು ಮನೆಯ ಬಣ್ಣ ಕಾಣುತ್ತಿತ್ತು. ಕೊನೆಯ ಆಟ ಬರುವಷ್ಟರಲ್ಲಿ ಮೇಲಿನ ಐದು ಓಣಿಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡಿದ್ದವು. ಗೆದ್ದವರು ಏರುತ್ತಾರೆ, ಸೋತವರು ಜಾರುತ್ತಾರೆ. ಆ ಆಟ ನಮಗೂ ಬಳೆಓಣಿಗೂ.

ಮೊದಲ ಅರ್ಧ. ಫಕೀರವ್ವ ನನ್ನ ಪಕ್ಕ. ನಮ್ಮವನೊಬ್ಬ ನಡುಬಯಲಿನಿಂದ ನೂಲು ಹಿಡಿದ ಹಾಗೆ ಹೊಡೆದ ಚೆಂಡು ನೇರ ಹೋಗಿ ಬಲೆಗೆ ಬಿತ್ತು. ಎಲ್ಲರಿಗಿಂತ ಮುಂಚೆ ಕೂಗಿದವಳು ಫಕೀರವ್ವ. ಸೆರಗು ಬೀಸಿ, ನನ್ನ ಭುಜ ಹಿಡಿದು ಅಲುಗಾಡಿಸಿ, ಆಮೇಲೆ ತಟ್ಟನೆ ನಿಂತು ಬಾಯಿಗೆ ಕೈ ಇಟ್ಟಳು.

"ಯವ್ವಾ, ನನ್ನ ಬ್ಯಾಸಿಗಿ ಹ್ವಾತಲ್ಲ ಅಕ್ಕಾ," ಎಂದು ನಗತೊಡಗಿದಳು.

ಬಿಡುವಿನಲ್ಲಿ ಚಾಪೆ ಸುತ್ತಿದಳು. "ಬರ್ತೀನಿ. ಇನ್ನ ಹೋಗಿ ನಿಮಗ ಶಾಪ ಹಾಕಬೇಕು," ಅಂದಳು. ಅವಳ ಶಾಪ ತಟ್ಟಲಿಲ್ಲ. ಗೌಸು ಉಳಿದದ್ದನ್ನೆಲ್ಲ ಹಿಡಿದ. ಬಳೆಓಣಿ ಒಂದೇ ಸಂಜೆಯಲ್ಲಿ ಮೊದಲಿನಿಂದ ಐದಕ್ಕೆ ಬಿತ್ತು.

ಮರುದಿನ ಊರಿನಲ್ಲಿ ಮೊದಲು ಬೆಳಗಾದದ್ದು ನಮಗೆ. ಮಾಳಿಗೆ ಹತ್ತಿ ನಿಂತೆ. ಮುದುಕರು ಬೀದಿಯಲ್ಲಿ ಬಿಸಿಲನ್ನು ಕಾಲಿನಿಂದ ಮುಟ್ಟಿ ನೋಡುತ್ತಿದ್ದರು. ಗೋಡೆಯಾಚೆ ಕಗ್ಗತ್ತಲೆ. ಅದರಲ್ಲಿ ಒಂದು ಕಂದೀಲು ಮೆಟ್ಟಿಲ ಮೇಲೆ ಬಂದು ಕೂತಿತು. ಫಕೀರವ್ವ. ಇಷ್ಟು ವರ್ಷ ನಾನು ಕೂತ ಹಾಗೆ ಅವಳು ಕೂತು ನನ್ನ ಮಾಳಿಗೆ ನೋಡುತ್ತಿದ್ದಳು. ನನಗೆ ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಅವಳಿಗೆ ಚೆನ್ನಾಗಿ ಕಾಣಲಿ ಎಂದು ಹಪ್ಪಳ ಹರವಲು ತಂದ ಸೀರೆಯನ್ನು ಎರಡು ಸಲ ಕೊಡವಿ ಹಾಸಿದೆ.

"ಅಕ್ಕಾ," ಎಂದು ಕತ್ತಲೆಯೊಳಗಿಂದ ಕೂಗಿದಳು. "ನಿನ್ನ ಮಾಳಿಗಿ ಮ್ಯಾಲೆ ನನಗೂ ಒಂದೀಟು ಜಾಗಾ ಕೊಡ್ತಿಯೇನು?"

ಅವಳಿಗೆ ಕೇಳುವುದು ಎಷ್ಟು ಸುಲಭ. ನಾನು ಒಂದು ಸಲವೂ ಕೇಳದೆ ಉಳಿದ ಮಾತು ಅದು. ಇಲ್ಲ ಎನ್ನಲು ಬಾಯಿ ತೆರೆದೆ. ಯಮುನಾ ಪಕ್ಕದಲ್ಲಿದ್ದಳು, ಬೀದಿಯಲ್ಲಿ ಮಂದಿ ಇದ್ದರು. "ಬಾ," ಅಂದೆ.

ಆ ಬೇಸಿಗೆ ಒಂದೇ ಮಾಳಿಗೆ, ನಡುವೆ ಒಂದು ಹಗ್ಗ. ಬಲಕ್ಕೆ ನನ್ನವು, ಎಡಕ್ಕೆ ಅವಳವು. ಒಂದೇ ಹಿಟ್ಟು, ಒಂದೇ ಎಳೆಬಿಸಿಲು, ಒಂದೇ ಹೊತ್ತಿಗೆ ಮಗುಚಿ ಹಾಕುತ್ತಿದ್ದೆವು. ಮನಸ್ಸಿನೊಳಗೆ ನಾನು ಗುರುಪಾದಯ್ಯನಿಗಾಗಿ ಕಾಯುತ್ತಿದ್ದೆ. ಈಗ ಬರಲಿ, ಎರಡೂ ಕೈ ಒಂದೇ ಎಂದು ಅವನ ಬಾಯಿಂದಲೇ ಊರು ಕೇಳಲಿ.

ಬಂದ. ಏದುಸಿರು ಬಿಡುತ್ತ ಮಾಳಿಗೆ ಹತ್ತಿದ. ಯಮುನಾ ಬಾಣಲೆ ಇಟ್ಟು, ಎರಡೂ ಕಡೆಯಿಂದ ಎರಡೆರಡು ಹಪ್ಪಳ ಕರಿದು ಕೊಟ್ಟಳು. ಯಾವುದು ಯಾರದು ಎಂದು ಯಾರೂ ಹೇಳಲಿಲ್ಲ. ಅವನು ಬಲಗಡೆಯದನ್ನು ಮುರಿದು ತಿಂದ. "ಚಲೋ ಅದ," ಅಂದ. ಎಡಗಡೆಯದನ್ನು ಮುರಿದ. ಮುರಿದ ಸಪ್ಪಳವೇ ಬೇರೆ. ತಿಂದು, ಇನ್ನೊಂದಕ್ಕೆ ಕೈ ಹಾಕಿದ.

"ಇವು," ಅಂದ ಎಡಗಡೆ ತೋರಿಸಿ. "ಇವು ಎಲ್ಲಾ ನನಗ ಬೇಕು. ಯಾರವು?"

ಅವ್ವ ನೆನಪಾದಳು. ಹಲ್ಲು ಕಡಕೊಂಡು ಲಟ್ಟಿಸಬ್ಯಾಡ ದ್ಯಾಮಿ. ತಲೆಯ ಮೇಲೆ ಬಿಸಿಲು ಸುರಿಯುತ್ತಿತ್ತು; ದೂರುವುದಕ್ಕೆ ಅದು ಎಲ್ಲೂ ಕಮ್ಮಿಯಿರಲಿಲ್ಲ. ನನ್ನ ಬಾಯಿಂದ ಮಾತು ಹೊರಡುವ ಮುಂಚೆ ಫಕೀರವ್ವ ಹೇಳಿದಳು, "ಅಕ್ಕನವು."

"ಹೌದೇನು?" ಗುರುಪಾದಯ್ಯ ನನ್ನ ಕಡೆ ತಿರುಗಿದ. "ನೀ ಹೇಳ್ತಿದ್ದಿ ನೋಡು ದ್ಯಾಮವ್ವ, ಬಿಸಿಲು ಬಿಸಿಲು ಅಂತ. ಖರೇನ ಆತು."

"ನನ್ನವು ಈ ಬಲಗಡಿ," ಅಂದಳು ಫಕೀರವ್ವ. "ಈ ಸಲ ಯಾಕೋ ಹದ ಕೂಡಲಿಲ್ಲ."

ಅವನು ಇಳಿದು ಹೋದ ಮೇಲೆ ಅವಳು ಏನೂ ಆಗದವಳಂತೆ ಹಪ್ಪಳ ಮಗುಚತೊಡಗಿದಳು. ನಾನು, "ಯಾಕ ಹಂಗಂದಿ?" ಎಂದೆ.

"ಒಂದು ವರ್ಷ ನಿನ್ನ ಹೆಸರಿನಾಗ ಹೋಗಲಿ ಬಿಡು. ನನಗೇನು ಕಮ್ಮಿ ಆತು?"

ಅದೇ. ಅವಳಿಗೆ ಏನೂ ಕಮ್ಮಿಯಾಗುವುದಿಲ್ಲ. ಹೆಸರನ್ನು ಕೊಡುತ್ತಾಳೆ, ಬಿಸಿಲನ್ನು ಕೊಡುತ್ತಾಳೆ, ಅಪ್ಪನಿಗೆ ಕಟ್ಟೆ ಕೊಟ್ಟಳು, ತನ್ನ ಬೇಸಿಗೆ ಕಳೆಯುವ ಗೋಲಿಗೆ ಸೆರಗು ಬೀಸಿದಳು. ಅವಳ ಹಪ್ಪಳದ ಮೇಲಿದ್ದ ಹೊಟ್ಟೆಕಿಚ್ಚು ಆ ಹೊತ್ತು ಅವಳ ಮೇಲೇ ತಿರುಗಿತು. ಬಿಸಿಲು ನಮ್ಮ ಓಣಿಯದಾಗಿತ್ತು, ಹೆಸರು ನನ್ನದಾಗಿತ್ತು. ಆದರೆ ಪ್ರತಿ ಬೆಳಗ್ಗೆ ಆ ಹಗ್ಗದ ಬಲಗಡೆ ಕೂತು ಲಟ್ಟಣಿಗೆ ಹಿಡಿದಾಗ ನನ್ನ ಕೈ ನನಗೆ ಕಾಣುತ್ತಿತ್ತು. ಕತ್ತಲೆಯಲ್ಲಿ ಅದು ಎಂದೂ ಕಂಡಿರಲಿಲ್ಲ. ಖಾನಾವಳಿಗೆ ಹೋದವರು, "ದ್ಯಾಮವ್ವನ ಹಪ್ಪಳ" ಎಂದು ಕೇಳಿ ತಿನ್ನುತ್ತಿದ್ದರು. ದಾರಿಯಲ್ಲಿ ಸಿಕ್ಕು ಹೊಗಳಿದಾಗ ನಾನು ಬೇರೆ ಕಡೆ ನೋಡುತ್ತಿದ್ದೆ.

ಹೋದ ವರ್ಷ ಆಟ ಮತ್ತೆ ಶುರುವಾಯಿತು. ನಮ್ಮವರು ಮೇಲೇ ನಿಂತರು. ಬಳೆಓಣಿ ಏರುತ್ತ ಏರುತ್ತ ನಮ್ಮ ಹಿಂದೆ ಬಂತು. ಕೊನೆಯ ಆಟ ಮತ್ತೆ ನಮ್ಮಿಬ್ಬರಿಗೆ. ಈ ಸಲ ನಾವು ಗೆಲ್ಲಲೂ ಬೇಕಿರಲಿಲ್ಲ, ಸೋಲದಿದ್ದರೆ ಸಾಕು. ಓಣಿಯ ಹೆಂಗಸರೆಲ್ಲ ಆಗಲೇ ಬೇಸಿಗೆಯ ಉದ್ದು ತಂದು ಇಟ್ಟಿದ್ದರು. ನಾನು ಮಾತ್ರ ತಂದಿರಲಿಲ್ಲ.

ಮೊದಲ ಅರ್ಧದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಬಿಡುವಿನಲ್ಲಿ ಫಕೀರವ್ವ ಚಾಪೆ ಸುತ್ತಿಕೊಂಡು ಹೊರಟಳು. ಅವಳು ಬಯಲಿನ ಮೂಲೆ ತಿರುಗುವವರೆಗೆ ನೋಡಿದೆ. ಆಮೇಲೆ ಎದ್ದು ನನ್ನ ಚಾಪೆಯನ್ನೂ ಸುತ್ತಿದೆ.

"ಅತ್ತಿ, ಎಲ್ಲಿಗೆ?" ಎಂದಳು ಯಮುನಾ.

"ಬರ್ತೀನಿ," ಅಂದೆ.

ಬಯಲು ಸುತ್ತಿ ನಡೆದೆ. ನಮ್ಮ ಕಡೆಯ ಮಂದಿ ಮೊದಲು ನಾನು ನೀರಿಗೆ ಹೊರಟೆ ಎಂದುಕೊಂಡಿರಬೇಕು. ಗೋಲಿನ ಹಿಂದೆ ದಾಟಿದಾಗ ಮಾತು ನಿಂತಿತು. ಬಳೆಓಣಿಯವರು ಸರಿದು ದಾರಿ ಬಿಟ್ಟರು. ನಾನು ಹೋಗಿ ಫಕೀರವ್ವನ ಪಕ್ಕ ಚಾಪೆ ಹಾಸಿದೆ.

ಅವಳು ನನ್ನ ಮುಖ ನೋಡಿದಳು. "ನಿನಗ ಈ ಕಡಿ ಯಾರದಾರ? ಯಾಕ ಬಂದಿ?"

"ಮೊಣಕಾಲು ನೋಯ್ತಾವ," ಅಂದೆ.

ಅವಳಿಗೆ ಅಪ್ಪನ ಮಾತು ಎಂದು ಗೊತ್ತಾಯಿತು. ಅದರ ಹಿಂದಿನದೂ ಗೊತ್ತಾಯಿತೇನೋ. ನನ್ನ ಕಡೆಯಿಂದ ಕಣ್ಣು ತೆಗೆದು ಬಯಲು ನೋಡುತ್ತ, "ಅಲ್ಲ ಅಕ್ಕಾ, ನನ್ನ ಬಿಸಿಲು ನನಗ ವಾಪಸ್ ಕೊಡಾಕ ಬಂದೀ ಏನು?" ಅಂದಳು ಮೆಲ್ಲಗೆ.

"ಇಟ್ಕೋ ನಿನ್ನ ಬಿಸಿಲು," ಅಂದೆ.

ಆಟ ಮುಗಿಯುತ್ತ ಬಂದಿತ್ತು. ಬಳೆಓಣಿಯ ಹುಡುಗನೊಬ್ಬ ಚೆಂಡು ತಳ್ಳಿಕೊಂಡು ನಮ್ಮ ಗೋಲಿನ ಕಡೆ ಬಂದ. ಗೌಸು ಕೈ ಅಗಲಿಸಿ ನಿಂತ. ಆಗ ನಾನು ಎದ್ದು ನಿಂತು ಕೂಗಿದೆ. ಜನ್ಮದಲ್ಲಿ ಅಷ್ಟು ಜೋರಾಗಿ ಕೂಗಿರಲಿಲ್ಲ. "ಹೊಡೀರೋ ಬಳಿಓಣಿ."

ತನಗೆ ರೊಟ್ಟಿ ಕೊಟ್ಟ ದನಿ ಎದುರು ಬದಿಯಿಂದ ಬಂದದ್ದು ಕೇಳಿ ಗೌಸು ತಿರುಗಿ ನೋಡಿದ. ತಿರುಗಿದ್ದು ಅರೆಗಳಿಗೆ. ಚೆಂಡು ಅವನ ಕಿವಿಯ ಪಕ್ಕ ಹಾದು ಬಲೆಗೆ ಬಿತ್ತು. ಬಲೆ ನಮ್ಮ ಓಣಿಯದು, ಒಂದು ಎಳೆಯೂ ಹರಿಯಲಿಲ್ಲ.

ಗೌಸು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಓಣಿಯವರು ಕೆಲವು ದಿನ ಮುಖ ತಿರುಗಿಸಿದರು. ಆಮೇಲೆ ಯಾರೋ, ಪಾಪ, ತಂಗಿ ಕತ್ತಲಲ್ಲಿ ಕೂತದ್ದನ್ನು ನೋಡಲಾರದೆ ಹಾಗೆ ಮಾಡಿದಳು, ಒಡಹುಟ್ಟಿದವರ ಕರುಳು ಎಂದರು. ಅದೇ ಮಾತು ಊರಲ್ಲೆಲ್ಲ ನಿಂತಿತು. ನಾನೂ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಅದೇ ದಿನ ಗೆದ್ದ ಇನ್ನೊಂದು ಓಣಿಯೂ ನಮ್ಮನ್ನು ದಾಟಿ, ನಮ್ಮ ಓಣಿ ಈಗ ಮೂರನೆಯದು. ಬೆಳಗ್ಗೆ ಎದ್ದು ಚಹಾ ಹಿಡಿದುಕೊಂಡು ಕತ್ತಲೆಯಲ್ಲಿ ಹೊಸ್ತಿಲ ಮೇಲೆ ಕೂರುತ್ತೇನೆ. ಗೋಡೆಯಾಚೆ ಫಕೀರವ್ವನ ಮಾಳಿಗೆಯ ಮೇಲೆ ಎಳೆಬಿಸಿಲು. ಅವಳು ಸಾಲು ಸಾಲಾಗಿ ಹಪ್ಪಳ ಹರವುತ್ತಾಳೆ. "ಅಕ್ಕಾ, ತಂದು ಹಾಕು ಬಾ," ಎಂದು ಈ ಬೇಸಿಗೆಯೂ ಕೂಗಿದಳು. "ನಮ್ಮ ಓಣಿಗೂ ಬೆಳಗಾಗತೈತಿ ತಗೋ," ಅಂದೆ. ಅವಳು ನಕ್ಕಳು. ಮೊನ್ನೆ ಯಮುನಾ ನನ್ನ ಹಪ್ಪಳ ಕರಿದು ಮುರಿದು ನೋಡಿ, "ಅತ್ತಿ, ಈ ಸಲ ಹದ ಬಂದಿಲ್ಲ ನೋಡ್ರಿ," ಅಂದಳು.

"ಎಲ್ಲಿಂದ ಬರಬೇಕವಾ," ಅಂದೆ ನಾನು. "ಬಿಸಿಲೆಲ್ಲಾ ಬಳಿಓಣಿಯಾಗ ಬಿದ್ದೈತಿ."